ನಕ್ಷತ್ರಗಳ ದೂರ ಅಳೆಯಲು ದಾರಿ ತೋರಿದ ಹೆನ್ರಿಯೆಟಾ ಲೀವಿಟ್

ಮಕ್ಕಳೇ, ರಾತ್ರಿ ಅಂಗಳದಲ್ಲಿ ನಿಂತು ಆಕಾಶ ನೋಡಿದ್ದೀರಲ್ಲವೇ? ಒಂದು ನಕ್ಷತ್ರ ಪ್ರಕಾಶಮಾನವಾಗಿ, ಇನ್ನೊಂದು ಮಂಕಾಗಿ ಕಾಣುತ್ತದೆ. ಮಂಕಾಗಿ ಕಾಣುವ ನಕ್ಷತ್ರದ ಬೆಳಕು ನಿಜವಾಗಿಯೂ ಕಡಿಮೆಯೋ ಅಥವಾ ಅದು ಬಹಳ ದೂರದಲ್ಲಿದೆಯೋ? ನೂರು ವರ್ಷಗಳ ಹಿಂದೆ ವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆಯಿದು. ಇದಕ್ಕೆ ದಾರಿ ತೋರಿದವರು ಹೆನ್ರಿಯೆಟಾ ಸ್ವಾನ್ ಲೀವಿಟ್.

ಲೀವಿಟ್ ಹುಟ್ಟಿದ್ದು 1868ರ ಜುಲೈ 4ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಕಾಲೇಜಿನ ಕೊನೆಯ ವರ್ಷದಲ್ಲಿ ಅವರು ಖಗೋಳ ವಿಜ್ಞಾನ ಕಲಿತರು. ಕಾಯಿಲೆಯಿಂದ ಅವರ ಕಿವಿ ಮಂದವಾಯಿತು. ಆದರೂ ಧೈರ್ಯಗೆಡಲಿಲ್ಲ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಮೊದಲು ಸಂಬಳವಿಲ್ಲದೆ, ಬಳಿಕ ಗಂಟೆಗೆ 30 ಸೆಂಟ್ ಕೂಲಿಗೆ ದುಡಿದರು. ಅಲ್ಲಿ ದೂರದರ್ಶಕ ಬಳಸಲು ಮಹಿಳೆಯರಿಗೆ ಅವಕಾಶವಿರಲಿಲ್ಲ. ಗಾಜಿನ ಫಲಕಗಳ ಮೇಲೆ ತೆಗೆದ ಆಕಾಶದ ಛಾಯಾಚಿತ್ರಗಳಲ್ಲಿ ನಕ್ಷತ್ರಗಳ ಪ್ರಕಾಶ ಅಳೆಯುವುದು ಅವರ ಕೆಲಸ.

ಕೆಲವು ನಕ್ಷತ್ರಗಳ ಪ್ರಕಾಶ ಹೆಚ್ಚುತ್ತದೆ, ಮತ್ತೆ ತಗ್ಗುತ್ತದೆ. ಇವೇ ಚಂಚಲ ನಕ್ಷತ್ರಗಳು. ಲೀವಿಟ್ ಇಂತಹ ಸುಮಾರು 2,400 ನಕ್ಷತ್ರಗಳನ್ನು ಪತ್ತೆ ಮಾಡಿದರು. 1912ರಲ್ಲಿ ಅವರು ಕಿರಿಯ ಮೆಗಲಾನಿಕ್ ಮೋಡ ಎಂಬ ನಕ್ಷತ್ರ ಸಮೂಹದ 25 ಚಂಚಲ ನಕ್ಷತ್ರಗಳನ್ನು ಹೋಲಿಸಿ ನೋಡಿದರು. ದೂರದ ಗುಡ್ಡದ ಮೇಲಿನ ಊರಿನ ದೀಪಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ಅವುಗಳಲ್ಲಿ ಹೆಚ್ಚು ಬೆಳಗುವುದೇ ನಿಜವಾಗಿ ದೊಡ್ಡ ದೀಪ, ಅಲ್ಲವೇ? ಈ ನಕ್ಷತ್ರಗಳೂ ಹಾಗೆಯೇ. ನಿಧಾನವಾಗಿ ಮಿನುಗುವ ನಕ್ಷತ್ರವೇ ಹೆಚ್ಚು ಪ್ರಕಾಶಮಾನ ಎಂಬುದು ಲೀವಿಟ್‌ಗೆ ಸ್ಪಷ್ಟವಾಯಿತು.

ಇದರಿಂದ ಏನು ಪ್ರಯೋಜನ? ಮಿನುಗಲು ಹಿಡಿಯುವ ದಿನಗಳನ್ನು ಎಣಿಸಿದರೆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ. ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕಬಹುದು. ಸೆಫೀಡ್ ಎಂಬ ಈ ಬಗೆಯ ನಕ್ಷತ್ರವೊಂದನ್ನು 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೋಮಿಡಾದಲ್ಲಿ ಕಂಡರು. ಅದು ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಗೆಲಕ್ಸಿ ಎಂದು ಜಗತ್ತಿಗೆ ಗೊತ್ತಾಯಿತು!

ಇದನ್ನು ಕಾಣಲು ಲೀವಿಟ್ ಬದುಕಿರಲಿಲ್ಲ. 1921ರ ಡಿಸೆಂಬರ್ 12ರಂದು ಅವರು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 1925ರಲ್ಲಿ ಸ್ವೀಡನ್ನಿನ ಗಣಿತಜ್ಞರೊಬ್ಬರು ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿಸಲು ಬಯಸಿ ಪತ್ರ ಬರೆದರು. ನಿಧನರಾದವರನ್ನು ಆ ಪ್ರಶಸ್ತಿಗೆ ಸೂಚಿಸುವಂತಿಲ್ಲ.

2021ರಲ್ಲಿ ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕವೂ ದೂರದ ಗೆಲಕ್ಸಿಗಳಲ್ಲಿ ಸೆಫೀಡ್‌ಗಳನ್ನು ಅಳೆದಿದೆ. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ತಿಳಿಯಲು ಈ ಅಳತೆಗಳು ನೆರವಾಗುತ್ತವೆ.

ನೀವೂ ಮಾಡಿ ನೋಡಿ: ಅಕ್ಟೋಬರ್ ತಿಂಗಳಲ್ಲಿ ಕತ್ತಲಾದ ಮೇಲೆ ಶ್ರವಣ ನಕ್ಷತ್ರವನ್ನು ಗುರುತಿಸಿ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಶ್ರವಣದಿಂದ ದಕ್ಷಿಣಕ್ಕೆ ಮುಷ್ಟಿಯಗಲಕ್ಕಿಂತ ಸ್ವಲ್ಪ ಕಡಿಮೆ ದೂರದಲ್ಲಿ ಈಟಾ ಅಕ್ವಿಲೆ ಎಂಬ ಸೆಫೀಡ್ ಇದೆ. ಸುಮಾರು 7 ದಿನಗಳಿಗೊಮ್ಮೆ ಅದು ಬೆಳಗಿ ಮಂಕಾಗುತ್ತದೆ. ಎರಡು ವಾರ ಪ್ರತಿದಿನ ನೋಡಿ, ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ, ನಿಮ್ಮ ನೋಟ್ ಪುಸ್ತಕದಲ್ಲಿ ಬರೆದಿಡಿ.