ಹಝ್ರತ್ ಟಿಪ್ಪು ಸುಲ್ತಾನ್ ಮತ್ತು ಮಸ್ಕತ್ತಿನ ಕಡಲದಾರಿ

ಟಿಪ್ಪು ಸುಲ್ತಾನರ ಹೆಸರು ಹೇಳಿದೊಡನೆ ನಮ್ಮ ಮಕ್ಕಳ ಕಣ್ಮುಂದೆ ಬರುವುದು ಹುಲಿ, ಖಡ್ಗ ಮತ್ತು ಶ್ರೀರಂಗಪಟ್ಟಣದ ಕೋಟೆ. ಶಾಲೆಯ ಪಾಠದಲ್ಲಿ ನಾಲ್ಕು ಯುದ್ಧಗಳು, ಎರಡು ಒಪ್ಪಂದಗಳು, ಕೊನೆಗೆ ಶಹಾದತ್. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಆ ಸುಲ್ತಾನರ ಆಲೋಚನೆಯ ಬಹುಪಾಲು ಕಡಲಿನತ್ತ ಮುಖ ಮಾಡಿತ್ತೆಂಬುದನ್ನು ಬಲ್ಲವರು ಕಡಿಮೆ. ಮಂಗಳೂರಿನಿಂದ ಮಸ್ಕತ್, ಮಸ್ಕತ್ತಿನಿಂದ ಬಸ್ರಾ, ಅಲ್ಲಿಂದ ಬಗ್ದಾದ್ ಮತ್ತು ಇಸ್ತಂಬೂಲ್ ತನಕ ಅವರ ಪತ್ರಗಳೂ ಹಡಗುಗಳೂ ಸಂಚರಿಸುತ್ತಿದ್ದವು. ಜಮಖಂಡಿ, ಮುಧೋಳ, ಬೀಳಗಿಗಳಂತಹ ಒಳನಾಡಿನ ಊರುಗಳಲ್ಲಿ ಸಮುದ್ರವನ್ನೇ ಕಾಣದೆ ಬೆಳೆದ ನಮಗೆ ಈ ಕಥೆ ದೂರದ್ದೆನಿಸಬಹುದು. ಆದರೆ ಅದರ ಒಂದು ಎಳೆ ನಮ್ಮ ಮಲಪ್ರಭೆಯ ಸೀಮೆಗೂ ಬಂದು ಮುಟ್ಟುತ್ತದೆ.

1763ರಲ್ಲಿ ನವಾಬ್ ಹೈದರ್ ಅಲಿಯವರು ಬಿದನೂರನ್ನು ಗೆದ್ದಾಗ ಮೈಸೂರಿಗೆ ಮೊದಲ ಬಾರಿಗೆ ಮಂಗಳೂರಿನ ಬಂದರು ದೊರೆಯಿತು. ಆ ಬಂದರಿನ ಅಕ್ಕಿಯನ್ನು ತಿನ್ನುತ್ತಿದ್ದವರು ಒಮಾನಿನವರು. ಕಲ್ಲು ಮತ್ತು ಮರಳಿನ ಆ ನಾಡಿನಲ್ಲಿ ಖರ್ಜೂರ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಅಲ್ಲಿ ಆಗ ಇಮಾಮರಾಗಿದ್ದವರು ಅಹ್ಮದ್ ಬಿನ್ ಸಈದ್. ಈರಾನಿಯರನ್ನು ಒಮಾನಿನಿಂದ ಹೊರದೂಡಿ ಇಂದಿಗೂ ಅಲ್ಲಿ ಆಳುತ್ತಿರುವ ಬೂಸಈದಿ ಮನೆತನವನ್ನು ಸ್ಥಾಪಿಸಿದವರು ಅವರೇ. ಕರೀಂ ಖಾನ್ ಝಂದ್‌ನ ಸೈನ್ಯ ಬಸ್ರಾವನ್ನು ಮುತ್ತಿದಾಗ ಹಡಗುಗಳನ್ನು ಕಳುಹಿಸಿ ಉಸ್ಮಾನಿಗಳಿಗೆ ನೆರವಾದದ್ದೂ ಅವರೇ. ಬಸ್ರಾ 1776ರಲ್ಲಿ ಬಿದ್ದು 1779ರ ತನಕ ಈರಾನಿಯರ ಕೈಯಲ್ಲಿತ್ತು. ಅಂದರೆ ಆ ಕೊಲ್ಲಿಯಲ್ಲಿ ಒಬ್ಬನೇ ಒಡೆಯನೆಂಬುವನು ಇರಲಿಲ್ಲ. ಉಸ್ಮಾನಿ ಖಲೀಫರು, ಈರಾನಿನ ದೊರೆಗಳು, ಮಸ್ಕತ್ತಿನ ಇಮಾಮರು, ರಾಸುಲ್ ಖೈಮಾದ ಖವಾಸಿಮರು, ಬಸ್ರಾದ ಸುತ್ತಣ ಮುಂತಫಿಕ್ ಬುಡಕಟ್ಟಿನ ಶೈಖರು, ಇವರೆಲ್ಲರ ಬಂದರುಗಳ ನಡುವೆ ಇಂಗ್ಲಿಷರ ಮತ್ತು ಫ್ರೆಂಚರ ಹಡಗುಗಳು ಓಡಾಡುತ್ತಿದ್ದವು.

ಹೈದರ್ ಅಲಿಯವರು 1782ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷವೇ ಮುಂಬಯಿಯಿಂದ ಕಡಲದಾರಿಯಾಗಿ ಬಂದ ಕಂಪನಿಯ ದಂಡು ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಸುಲ್ತಾನರು ಬಿದನೂರನ್ನು ಬೇಗನೆ ಮರಳಿ ಪಡೆದರು. ಮಂಗಳೂರಿನ ಕೋಟೆಗೆ ಮಾತ್ರ ಎಂಟು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆ ಹಾಕಿ ಕೂರಬೇಕಾಯಿತು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಸಾಮೂಹಿಕವಾಗಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದದ್ದು ಇದೇ ವರ್ಷ. ತಪ್ಪಿತಸ್ಥರೊಡನೆ ನಿರಪರಾಧಿಗಳೂ ನೊಂದರು. ಇಂತಹ ಸಾಮೂಹಿಕ ಶಿಕ್ಷೆಗೆ ಶರೀಅತ್ತಿನಲ್ಲಿ ಎಡೆಯಿಲ್ಲ. ಸುಲ್ತಾನರನ್ನು ಪ್ರೀತಿಸುವವರು ಇದನ್ನು ಮರೆಮಾಚಬೇಕಾಗಿಯೂ ಇಲ್ಲ.

ಆ ಯುದ್ಧದಿಂದ ಸುಲ್ತಾನರು ಕಲಿತ ಪಾಠ ಇಷ್ಟೆ: ವೈರಿ ಬರುವುದು ಕಡಲಿನಿಂದ, ಅವನಿಗೆ ಹಣ ಹುಟ್ಟುವುದೂ ಕಡಲಿನಿಂದಲೇ. ಆದ್ದರಿಂದ ಅವರು ಕೈಹಾಕಿದ್ದು ವ್ಯಾಪಾರಕ್ಕೆ. 1785ರ ಹೊತ್ತಿಗೆ ಮಸ್ಕತ್ತಿನಲ್ಲಿ ಮೈಸೂರು ಸರಕಾರದ ಕೋಠಿ ಕೆಲಸ ಮಾಡುತ್ತಿತ್ತು. ಮೀರ್ ಕಾಝಿಂ ಎಂಬವರು ಅಲ್ಲಿನ ದಾರೋಗಾ. ದಲ್ಲಾಳಿ ಮಾತ್ರ ಒಬ್ಬ ಹಿಂದೂ ವರ್ತಕ. ಗಂಧದ ಕೊರಡು, ಕಾಳುಮೆಣಸು, ಏಲಕ್ಕಿ, ಅಕ್ಕಿ ಇಲ್ಲಿಂದ ಹೋಗುತ್ತಿದ್ದವು. ದಾರೋಗಾನಿಗೆ ಸುಲ್ತಾನರು ಬರೆಸಿದ ಪತ್ರಗಳನ್ನು ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಮಾಡಿಸಿದನು. ಸುಲ್ತಾನರ ಹೆಸರು ಕೆಡಿಸುವುದೇ ಅವನ ಉದ್ದೇಶವಾಗಿತ್ತು. ಆದರೆ ಓದಿದವನಿಗೆ ಬೇರೆಯೇ ಒಬ್ಬ ಮನುಷ್ಯ ಕಾಣುತ್ತಾನೆ. ಗಂಧವನ್ನು ಯಾವ ದರಕ್ಕೆ ಮಾರಬೇಕು, ದರ ಏರುವ ತನಕ ಹೇಗೆ ತಡೆದಿಡಬೇಕು ಎಂಬುದರಿಂದ ಹಿಡಿದು ಗಂಧಕ ಕೊಳ್ಳುವುದು, ಖರ್ಜೂರದ ಸಸಿಗಳನ್ನು ಕಳುಹಿಸುವುದು, ಹಡಗು ಕಟ್ಟುವ ಬಡಗಿಗಳನ್ನೂ ಮುತ್ತು ತೆಗೆಯುವ ಮುಳುಗುಗಾರರನ್ನೂ ಮಂಗಳೂರಿಗೆ ಕರೆತರುವುದು, ಹೀಗೆ ಎಲ್ಲದರಲ್ಲೂ ಅವರ ಕಣ್ಣು ಇತ್ತು. ರೇಷ್ಮೆ ಹುಳುಗಳನ್ನೂ ಅವುಗಳನ್ನು ಸಾಕಲು ಬಲ್ಲವರನ್ನೂ ಅವರು ಮಸ್ಕತ್ತಿನಿಂದ ಬಯಸಿದರು. ಬಂಗಾಳಕ್ಕೂ ಇದೇ ಕೆಲಸಕ್ಕೆ ಜನರನ್ನು ಕಳುಹಿಸಿದರು. ರಬಕವಿ-ಬನಹಟ್ಟಿಯ ನೇಕಾರ ಸಹೋದರರು ಸೀರೆಯ ಸೆರಗಿಗೆ ಮೈಸೂರು ಸೀಮೆಯ ರೇಷ್ಮೆ ಹಾಕುವಾಗ ಈ ಮಾತು ನೆನಪಿಗೆ ಬಂದರೆ ಚೆನ್ನು.

ಒಮಾನಿನ ವರ್ತಕರಿಗೆ ಮಂಗಳೂರಿನಲ್ಲಿ ಸುಂಕದ ರಿಯಾಯಿತಿ ಇತ್ತು. ಮಸ್ಕತ್ತಿನಲ್ಲಿ ಮೈಸೂರಿನ ಸರಕಿಗೂ ಹಾಗೆಯೇ. ಒಮಾನಿಗಳು ಇಬಾಝಿ ಪಂಥದವರು, ಸುಲ್ತಾನರು ಸುನ್ನಿ. ಈ ಭೇದ ವ್ಯವಹಾರಕ್ಕಾಗಲಿ ಸ್ನೇಹಕ್ಕಾಗಲಿ ಅಡ್ಡ ಬರಲಿಲ್ಲ. ಒಂದು ದೋಷವನ್ನು ಮಾತ್ರ ಹೇಳಲೇಬೇಕು. ಗಂಧ, ಮೆಣಸುಗಳನ್ನು ಸರಕಾರವೇ ಕೊಂಡು ಸರಕಾರವೇ ಮಾರುವ ಪದ್ಧತಿಯಿಂದ ಕಂಪನಿಗೆ ಪೆಟ್ಟು ಬಿದ್ದುದು ನಿಜ. ಕರಾವಳಿಯ ಸಣ್ಣ ವ್ಯಾಪಾರಿಗಳಿಗೂ ಅದೇ ಪೆಟ್ಟು ಬಿತ್ತು.

ಇದಕ್ಕಿಂತ ದೊಡ್ಡ ಸಾಹಸ 1786ರದು. ಆ ವರ್ಷ ಮಾರ್ಚಿಯಲ್ಲಿ ಇಂದಿನ ಉತ್ತರ ಕನ್ನಡದ ತದಡಿ ಬಂದರಿನಿಂದ ಗುಲಾಮ್ ಅಲಿ ಖಾನರ ನೇತೃತ್ವದಲ್ಲಿ ನಾಲ್ಕು ಹಡಗುಗಳು ಉಸ್ಮಾನಿ ಖಲೀಫರ ಸನ್ನಿಧಿಗೆ ಹೊರಟವು. ನಿಯೋಗದಲ್ಲಿ ಸುಮಾರು ಒಂಬೈನೂರು ಜನರಿದ್ದರು. ಖರ್ಚಿಗೆಂದು ಮಾರಲು ಗಂಧ, ಮೆಣಸು, ಬಟ್ಟೆಗಳನ್ನೂ ಹೇರಿದ್ದರು. ಬೇಡಿಕೆಗಳು ಹಲವು: ಸುಲ್ತಾನರ ರಾಜ್ಯಾಧಿಕಾರಕ್ಕೆ ಖಲೀಫರ ಮನ್ನಣೆ, ಇಂಗ್ಲಿಷರ ವಿರುದ್ಧ ಸೈನ್ಯದ ನೆರವು, ಬಂದೂಕು, ಗಡಿಯಾರ, ಗಾಜುಗಳ ಕುಶಲಕರ್ಮಿಗಳು. ಬಸ್ರಾ ಬಂದರನ್ನು ಇಜಾರೆಗೆ ಕೊಡಬೇಕು, ಬದಲಿಗೆ ಮಂಗಳೂರಿನಲ್ಲಿ ಉಸ್ಮಾನಿಗಳಿಗೆ ನೆಲೆ ಕೊಡುವುದಾಗಿಯೂ ಹೇಳಿ ಕಳುಹಿಸಿದ್ದರು. ನಜಫ್ ಪಟ್ಟಣಕ್ಕೆ ಯೂಫ್ರೆಟಿಸ್ ನದಿಯಿಂದ ತಮ್ಮ ಖರ್ಚಿನಲ್ಲಿ ನೀರು ತರಲು ಅನುಮತಿಯನ್ನೂ ಕೇಳಿದ್ದರು.

ದೂತರು ಮಸ್ಕತ್ತಿನ ಬಿಸಿಲಿನಲ್ಲಿ ಸರಕು ಮಾರುತ್ತಿದ್ದ ದಿನಗಳಲ್ಲೇ, ಅಂದರೆ 1786ರ ಮೇ ತಿಂಗಳಿನಲ್ಲಿ, ಇತ್ತ ನಮ್ಮ ಬಾದಾಮಿಯ ಕೋಟೆಯನ್ನು ಮರಾಠರು ಮತ್ತು ನಿಝಾಮರ ಕೂಡುದಂಡು ಮುತ್ತಿತ್ತು. ಕೋಟೆ ಬಿತ್ತು. 1787ರಲ್ಲಿ ಗಜೇಂದ್ರಗಡದಲ್ಲಿ ಸಂಧಿಯಾದಾಗ ಸುಲ್ತಾನರು ಬಾದಾಮಿಯನ್ನು ಮರಾಠರಿಗೇ ಬಿಟ್ಟುಕೊಟ್ಟು ಹಣವನ್ನೂ ತೆತ್ತರು. ಕಡಲಾಚೆಯ ಮಿತ್ರನಿಗಾಗಿ ಹಡಗು ಹೋಗುತ್ತಿದ್ದಾಗ ನೆರೆಹೊರೆಯವರು ವೈರಿಗಳಾಗಿದ್ದರು. ಸುಲ್ತಾನರ ಇಡೀ ಬಾಳಿನ ಇಕ್ಕಟ್ಟು ಇದರಲ್ಲಿದೆ ಎಂದು ನನಗೆ ತೋರುತ್ತದೆ.

ನಿಯೋಗಕ್ಕೆ ಬಸ್ರಾದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಹಡಗುಗಳಲ್ಲಿ ಕೆಲವು ನಾಶವಾದವು. ಅವರು ಬಗ್ದಾದಿನ ದಾರಿ ಹಿಡಿದು ಮುಂದೆ ಹೋದಮೇಲೆ, 1787ರಲ್ಲಿ, ಮುಂತಫಿಕರ ಶೈಖ್ ಸುವೈನಿ ಬಸ್ರಾವನ್ನೇ ವಶಪಡಿಸಿಕೊಂಡನು. ಬಗ್ದಾದಿನ ಪಾಶಾ ಸುಲೈಮಾನನು ಅದನ್ನು ಮರಳಿ ಪಡೆಯಲು ತಿಂಗಳುಗಳು ಹಿಡಿದವು. ಯಾವ ಬಂದರನ್ನು ಸುಲ್ತಾನರು ಖಲೀಫರಿಂದ ಕೇಳುತ್ತಿದ್ದರೋ ಆ ಬಂದರು ಸ್ವತಃ ಖಲೀಫರ ಹಿಡಿತದಲ್ಲೇ ಗಟ್ಟಿಯಾಗಿರಲಿಲ್ಲ! ನಿಯೋಗವು ಇಸ್ತಂಬೂಲ್ ಮುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆಗಷ್ಟೇ ರಶ್ಯದೊಡನೆ ಯುದ್ಧ ಹೂಡಿದ್ದ ಸುಲ್ತಾನ್ ಅಬ್ದುಲ್ ಹಮೀದರಿಗೆ ಇಂಗ್ಲಿಷರ ಸ್ನೇಹ ಬೇಕಾಗಿತ್ತು. ಮರ್ಯಾದೆ ದೊರೆಯಿತು, ಖಿಲ್ಅತ್ ದೊರೆಯಿತು, ಬಿರುದುಗಳಿಗೆ ಮನ್ನಣೆ ದೊರೆಯಿತು. ಬಸ್ರಾವಾಗಲಿ ಸೈನ್ಯವಾಗಲಿ ದೊರೆಯಲಿಲ್ಲ. ಚಳಿಗೂ ಪ್ಲೇಗಿಗೂ ಬಹಳ ಮಂದಿ ಬಲಿಯಾದರು. ಉಳಿದವರು ಹಜ್ ಮುಗಿಸಿಕೊಂಡು ಸುಮಾರು ನಾಲ್ಕು ವರ್ಷಗಳ ಬಳಿಕ ತಾಯ್ನೆಲ ಕಂಡಾಗ ಬೆರಳೆಣಿಕೆಯವರಾಗಿದ್ದರು.

ಬಳಿಕ ಮೂರನೆಯ ಯುದ್ಧ. ಮುಂದೆ ಜಮಖಂಡಿಯನ್ನಾಳಿದ ಪಟವರ್ಧನ ಮನೆತನದ ಪರಶುರಾಮ ಭಾವು 1791ರಲ್ಲಿ ಕಂಪನಿಯ ತುಕಡಿಯ ಜೊತೆಗೂಡಿ ಧಾರವಾಡವನ್ನು ಗೆದ್ದನು. 1792ರಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಕೈಬಿಟ್ಟುಹೋದವು. ಮಲಬಾರ್ ಹೋಯಿತು, ಮಂಗಳೂರು ಉಳಿಯಿತು. ಆ ಉಳಿದ ತೀರದಲ್ಲೇ ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ಸುಲ್ತಾನರು 1796ರಲ್ಲಿ ಹುಕುಂ ಹೊರಡಿಸಿದರು. ಅವು ಪೂರ್ಣವಾಗಿ ಕಡಲಿಗಿಳಿಯಲು ಕಾಲ ಸಾಕಾಗಲಿಲ್ಲ.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಇಳಿದ. ಈಗ ಇಂಗ್ಲಿಷರಿಗೆ ಮಸ್ಕತ್ತಿನ ಚಿಂತೆ ಹತ್ತಿತು. ಅಲ್ಲಿ ಆಗ ಅಧಿಕಾರದಲ್ಲಿದ್ದವರು ಇಮಾಮ್ ಅಹ್ಮದರ ಮಗ ಸುಲ್ತಾನ್ ಬಿನ್ ಅಹ್ಮದ್. ಕಂಪನಿಯು ಮೆಹ್ದಿ ಅಲಿ ಖಾನನನ್ನು ಕಳುಹಿಸಿ ಅಕ್ಟೋಬರ್ 12ರಂದು ಅವರಿಂದ ಒಪ್ಪಂದ ಬರೆಸಿಕೊಂಡಿತು. ಯುದ್ಧ ಮುಗಿಯುವ ತನಕ ಮಸ್ಕತ್ತಿನಲ್ಲಾಗಲಿ, ಅವರು ಈರಾನಿನಿಂದ ಇಜಾರೆಗೆ ಪಡೆದಿದ್ದ ಬಂದರ್ ಅಬ್ಬಾಸಿನಲ್ಲಾಗಲಿ ಫ್ರೆಂಚರಿಗೆ ಕೋಠಿ ಇಲ್ಲ ಎಂದಾಯಿತು. ಮಸ್ಕತ್ತಿನವರು ಕೈಕೊಟ್ಟರೆಂದು ನಮ್ಮಲ್ಲಿ ಕೆಲವರು ಸಿಟ್ಟಿನಿಂದ ಹೇಳುವುದುಂಟು. ನ್ಯಾಯವಾಗಿ ನೋಡಿದರೆ ಆ ಅಮೀರರ ಹಡಗುಗಳು ಬದುಕುತ್ತಿದ್ದುದು ಮುಂಬಯಿ, ಸೂರತ್, ಬಂಗಾಳಗಳ ವ್ಯಾಪಾರದಿಂದ. ಕಂಪನಿಯು ಆ ಬಂದರುಗಳ ಬಾಗಿಲು ಮುಚ್ಚಿದ್ದರೆ ಅವುಗಳನ್ನು ತೆರೆಸಬಲ್ಲ ನೌಕಾಪಡೆ ಶ್ರೀರಂಗಪಟ್ಟಣದಲ್ಲಿ ಇರಲಿಲ್ಲ. ಬೆನ್ನ ಹಿಂದೆ ಖವಾಸಿಮರ ವೈರ ಬೇರೆ. ಖಲೀಫ ಸಲೀಮರು ಕೂಡ ಅದೇ ವರ್ಷ ಪತ್ರ ಬರೆದು ಫ್ರೆಂಚರ ಸಹವಾಸ ಬಿಡುವಂತೆ ಟಿಪ್ಪು ಸುಲ್ತಾನರಿಗೆ ಹೇಳಿದ್ದರಷ್ಟೆ.

1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಮಸ್ಕತ್ತಿನ ದೊರೆಗೆ ಒಂದು ಪತ್ರ ಬರೆದು ಅದರೊಳಗೆ ಟಿಪ್ಪು ಸುಲ್ತಾನರಿಗೆ ಇನ್ನೊಂದನ್ನು ಇಟ್ಟು ಕಳುಹಿಸಿದನು. ಕೆಂಪು ಸಮುದ್ರದ ತೀರದಲ್ಲೇ ಅದು ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಗೋಡೆ ಬಿರಿದಲ್ಲಿ ಕಂಪನಿಯ ಸೈನ್ಯ ನುಗ್ಗಿತು, ಸುಲ್ತಾನರು ಹೋರಾಡುತ್ತಲೇ ಶಹೀದರಾದರು. ಮರುವರ್ಷದ ಜನವರಿಯಲ್ಲಿ ಮಾಲ್ಕಮ್ ಎಂಬ ಅಧಿಕಾರಿ ಮಸ್ಕತ್ತಿಗೆ ಹೋಗಿ ಅಲ್ಲಿ ಇಂಗ್ಲಿಷ್ ರೆಸಿಡೆಂಟನನ್ನು ಇರಿಸಲು ಒಪ್ಪಿಸಿದನು. ಸುಲ್ತಾನ್ ಬಿನ್ ಅಹ್ಮದರು 1804ರಲ್ಲಿ ಕಡಲಿನಲ್ಲೇ ವೈರಿಗಳ ಗುಂಡಿಗೆ ಬಲಿಯಾದರು. 1820ರಲ್ಲಿ ಕೊಲ್ಲಿಯ ಉಳಿದ ಶೈಖರೂ ಒಬ್ಬೊಬ್ಬರಾಗಿ ಕಂಪನಿಯ ಒಪ್ಪಂದಕ್ಕೆ ಮುದ್ರೆ ಒತ್ತಿದರು. ಮಂಗಳೂರಿನ ಅಕ್ಕಿ ಮಾತ್ರ ಮೊದಲಿನಂತೆಯೇ ಮಸ್ಕತ್ತಿಗೆ ಹೋಗುತ್ತಿತ್ತು. ಅದರ ಸುಂಕ ಈಗ ಕಂಪನಿಯ ಬೊಕ್ಕಸ ಸೇರುತ್ತಿತ್ತು.