ಸ್ವಾಮಿ ರಾಮಾನಂದ ತೀರ್ಥರು: ಹಂಗಾಮಿ ಆಡಳಿತದ ಹೊರಗುಳಿದ ನಾಯಕ

ಹೈದರಾಬಾದ್ ಕರ್ನಾಟಕದ ಚರಿತ್ರೆಯಲ್ಲಿ 1948ರ ಸೆಪ್ಟೆಂಬರ್ 17 ವಿಮೋಚನೆಯ ದಿನವೆಂದು ದಾಖಲಾಗಿದೆ. ಅಲ್ಲಿಂದ 1952ರ ಮಾರ್ಚ್‌ವರೆಗೆ ಚುನಾಯಿತ ಸರ್ಕಾರವಿಲ್ಲದೆ ನಡೆದ ಹಂಗಾಮಿ ಆಡಳಿತವು ಮಾತ್ರ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಸ್ವಾಮಿ ರಾಮಾನಂದ ತೀರ್ಥರ ಜೀವನವನ್ನು ಈ ಅವಧಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

1903ರ ಅಕ್ಟೋಬರ್ 3ರಂದು ಸಿಂದಗಿಯಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗಿಕರ್. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಡನೆ ದುಡಿದು, ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾಗಿ, ಅನಂತರ ಸನ್ಯಾಸ ಸ್ವೀಕರಿಸಿದರು. 1938ರ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1947ರಲ್ಲಿ ದೇಶ ಸ್ವತಂತ್ರವಾದಾಗ ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಬೇಕೆಂಬ ಚಳವಳಿಯ ನಾಯಕರಾಗಿ ಮತ್ತೆ ಬಂಧನಕ್ಕೊಳಗಾದರು. ಪೊಲೀಸ್ ಕಾರ್ಯಾಚರಣೆಯ ನಂತರವೇ ಅವರಿಗೆ ಬಿಡುಗಡೆ ದೊರೆಯಿತು.

ಹೊರಬಂದಾಗ ಅಧಿಕಾರವಿದ್ದದ್ದು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಸೈನಿಕ ಸರ್ಕಾರದ ಕೈಯಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ಸಾಗುವ ರೈಲುದಾರಿಯ ಊರುಗಳು, ಕಲ್ಲುಗಣಿ ಮತ್ತು ಸಿಮೆಂಟಿನ ಶಹಾಬಾದ, ರೈಲಿನಿಂದ ದೂರವಿದ್ದ ಚಿಂಚೋಳಿ ಇವೆಲ್ಲವೂ ಈ ಆಡಳಿತಕ್ಕೆ ಒಳಪಟ್ಟವು. ಕಾರ್ಯಾಚರಣೆಯ ಬೆನ್ನಲ್ಲೇ ನಡೆದ ಹಿಂಸೆಯಲ್ಲಿ ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಸತ್ತಿರಬಹುದೆಂದು ಸುಂದರಲಾಲ್ ಸಮಿತಿ ಅಂದಾಜಿಸಿತು. ಅತಿಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಸೇರಿದ್ದವು. ವಿಮೋಚನೆಯ ಕಥನದಲ್ಲಿ ಈ ಸಾವುಗಳಿಗೂ ಸ್ಥಾನವಿರಬೇಕು.

ಇದೇ ಸೈನಿಕ ಸರ್ಕಾರ 1949ರ ಆಗಸ್ಟಿನಲ್ಲಿ ಜಹಗೀರುಗಳನ್ನು ರದ್ದುಗೊಳಿಸಿತು. ಜಹಗೀರುದಾರರಿಗೆ ಸಲ್ಲುತ್ತಿದ್ದ ಕಂದಾಯ ಸರ್ಕಾರಕ್ಕೆ ನೇರವಾಗಿ ಸಲ್ಲತೊಡಗಿತು. 1950ರ ಜನವರಿ 26ರಿಂದ ನಿಜಾಮರು ರಾಜಪ್ರಮುಖರಾದರು, ಐಸಿಎಸ್ ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿಯಾದರು. ಅದೇ ವರ್ಷ ಗೇಣಿ ಕಾಯ್ದೆಯೂ ಬಂದಿತು. ಜನರು ಬಯಸಿದ್ದ ಸುಧಾರಣೆಗಳನ್ನು ಜನರು ಆರಿಸದ ಸರ್ಕಾರ ಜಾರಿಗೊಳಿಸಿದ್ದು ಈ ಅವಧಿಯ ವೈರುಧ್ಯ.

1950ರಲ್ಲಿ ಬೂರ್ಗುಲ ರಾಮಕೃಷ್ಣರಾವ್, ವಿನಾಯಕರಾವ್ ವಿದ್ಯಾಲಂಕಾರ, ವಿ.ಬಿ. ರಾಜು, ಫೂಲ್‌ಚಂದ್ ಗಾಂಧಿ ಎಂಬ ನಾಲ್ವರು ಕಾಂಗ್ರೆಸ್ಸಿಗರು ಮಂತ್ರಿಮಂಡಲ ಸೇರಿದರು. ಹೋರಾಟದ ಮುಂಚೂಣಿಯಲ್ಲಿದ್ದ ಸ್ವಾಮೀಜಿ ಅದರಲ್ಲಿರಲಿಲ್ಲ. ಇದನ್ನು ಕೇವಲ ಸನ್ಯಾಸಿಯ ವೈರಾಗ್ಯವೆಂದು ವಿವರಿಸುವುದು ಸರಿಯಾಗದು. ಬೂರ್ಗುಲರ ಬಣಕ್ಕೂ ಸ್ವಾಮೀಜಿಯವರ ಬಣಕ್ಕೂ ಪಕ್ಷದೊಳಗೆ ತೀವ್ರ ಭಿನ್ನಮತವಿತ್ತೆಂಬುದನ್ನೂ ಗಮನಿಸಬೇಕು.

ಅವರು ರಾಜಕಾರಣವನ್ನು ತೊರೆಯಲಿಲ್ಲ. 1952ರಲ್ಲಿ ಗುಲಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯ ಭಾಷಾವಾರು ವಿಂಗಡಣೆಯಾಗಬೇಕೆಂದು ವಾದಿಸಿದರು. 1956ರ ನವೆಂಬರ್ 1ರಂದು ಅದು ಕೈಗೂಡಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1972ರ ಜನವರಿ 22ರಂದು ಅವರು ನಿಧನರಾದರು.

ನಾಂದೇಡದ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ಸಿಂದಗಿಯಲ್ಲಿ ಹುಟ್ಟಿ ಗುಲಬರ್ಗಾವನ್ನು ಪ್ರತಿನಿಧಿಸಿದ ಈ ನಾಯಕರನ್ನು ಮರಾಠವಾಡಾದ ಚರಿತ್ರೆಗೆ ಮಾತ್ರ ಬಿಟ್ಟುಕೊಡುವುದು ಕನ್ನಡ ಸಂಶೋಧನೆಗೆ ಒಪ್ಪುವ ಮಾತಲ್ಲ.