ಶಾಲೆ ತಪ್ಪಿದ ಹುಡುಗಿ ಗಾನರಾಣಿಯಾದಳು



ನಿನ್ನೆಯವರೆಗೆ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ನಿಲ್ಲಿಸಿದ್ದನ್ನು ನೀವೂ ಕಂಡಿರಬಹುದು. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತದೆ. ಕೆಲವು ತಿಂಗಳ ನಂತರ ಅವಳ ಹೆಸರೇ ಅಲ್ಲಿರುವುದಿಲ್ಲ. ಅಂತಹ ಒಬ್ಬ ಹುಡುಗಿಯ ಬಾಳಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಅಮೆರಿಕದ ಪ್ರಸಿದ್ಧ ಜಾಜ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್.

ಎಲಾ 1917ರ ಏಪ್ರಿಲ್ 25ರಂದು ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ ಬಡ ಕರಿಯ ಕುಟುಂಬವೊಂದರಲ್ಲಿ ಜನಿಸಿದರು. ಮಗು ಚಿಕ್ಕದಿರುವಾಗಲೇ ತಂದೆ ತಾಯಿ ಬೇರೆಯಾದರು. ತಾಯಿ ಮಗಳನ್ನು ಕರೆದುಕೊಂಡು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್ ಪಟ್ಟಣಕ್ಕೆ ಬಂದರು. ಅಲ್ಲಿ ಎಲಾ ಓದಿನಲ್ಲಿ ಮುಂದಿದ್ದರು. ಆದರೆ ಅವರ ಕನಸು ಹಾಡುಗಾರಿಕೆಯಲ್ಲ, ನೃತ್ಯ. ಮನೆಗೆ ತಾಯಿ ತಂದ ಗ್ರಾಮಫೋನ್ ತಟ್ಟೆಗಳಲ್ಲಿ ಕಾನಿ ಬಾಸ್ವೆಲ್ ಎಂಬ ಗಾಯಕಿಯ ದನಿ ಕೇಳಿ, ಅದರಂತೆಯೇ ಹಾಡಲು ಯತ್ನಿಸುತ್ತಿದ್ದರು. ಅದೇ ಅವರ ಸಂಗೀತ ಪಾಠ.

ಹದಿಹರೆಯದಲ್ಲಿ ಬದುಕು ದಿಕ್ಕು ತಪ್ಪಿತು. ಮನೆ ಒಡೆಯಿತು, ಶಾಲೆ ಬಿಟ್ಟುಹೋಯಿತು. ಹಾರ್ಲೆಮ್‌ನ ಬೀದಿಗಳಲ್ಲಿ, ನಮ್ಮಲ್ಲಿ ಮಟ್ಕಾ ಎನ್ನುವಂತಹ ಜೂಜಿನ ಚೀಟಿ ಸಾಗಿಸುವ ಕೆಲಸವನ್ನೂ ಆ ಹುಡುಗಿ ಮಾಡಬೇಕಾಯಿತು. 1933ರಲ್ಲಿ ನ್ಯಾಯಾಲಯ ಈಕೆ ಯಾರ ಮಾತಿಗೂ ಬಗ್ಗದವಳೆಂದು ತೀರ್ಮಾನಿಸಿ, ಹಡ್ಸನ್ ಪಟ್ಟಣದ ಸರ್ಕಾರಿ ಬಾಲಕಿಯರ ಸುಧಾರಣಾ ಶಾಲೆಗೆ ಕಳುಹಿಸಿತು. ಹೆಸರು ಶಾಲೆ, ಆದರೆ ಒಳಗೆ ಹೊಡೆತ, ಬಣ್ಣದ ಭೇದ. ಅಲ್ಲೊಂದು ಗಾಯನ ತಂಡವಿತ್ತು. ಅದರಲ್ಲಿ ಬಿಳಿಯ ಹುಡುಗಿಯರಿಗೆ ಮಾತ್ರ ಪ್ರವೇಶ. ಮುಂದೆ ಜಗತ್ತೇ ತಲೆದೂಗಿದ ಕಂಠಕ್ಕೆ ಅಲ್ಲಿ ಜಾಗವಿರಲಿಲ್ಲ! ಆ ದಿನಗಳ ಬಗ್ಗೆ ಎಲಾ ಬದುಕಿರುವವರೆಗೂ ಮೌನವಾಗಿಯೇ ಉಳಿದರು. 1996ರಲ್ಲಿ ಅವರು ತೀರಿಕೊಂಡ ಮೇಲೆ ಪತ್ರಿಕೆಯೊಂದು ಹಳೆಯ ದಾಖಲೆ ಹುಡುಕಿದಾಗಲೇ ಈ ಸಂಗತಿ ಹೊರಬಿತ್ತು.

ಅಲ್ಲಿಂದ ಹೊರಬಂದ ಎಲಾಗೆ ನೆಲೆಯಿರಲಿಲ್ಲ. 1934ರ ನವೆಂಬರ್ 21ರಂದು ಹಾರ್ಲೆಮ್‌ನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಗೆ ಅವರು ಬಂದದ್ದು ನೃತ್ಯ ಮಾಡಲೆಂದು. ಆದರೆ ಅವರಿಗಿಂತ ಮೊದಲು ಎಡ್ವರ್ಡ್ಸ್ ಸಹೋದರಿಯರು ಅದ್ಭುತವಾಗಿ ಕುಣಿದುಬಿಟ್ಟರು. ಹದಿನೇಳರ ಹುಡುಗಿಗೆ ಕಾಲು ನಡುಗಿತು. ಮಾಸಿದ ಉಡುಪು ಕಂಡು ಸಭಿಕರು ಗೇಲಿ ಮಾಡಿದರು. ಆ ಗಳಿಗೆಯಲ್ಲಿ ನೃತ್ಯದ ಯೋಚನೆ ಬಿಟ್ಟು, ಬಾಸ್ವೆಲ್ ತಟ್ಟೆಗಳನ್ನು ನೆನೆದು ಹಾಡತೊಡಗಿದರು. ಸಭೆ ನಿಶ್ಶಬ್ದವಾಯಿತು, ನಂತರ ಮತ್ತೆ ಹಾಡಬೇಕೆಂದು ಒತ್ತಾಯಿಸಿತು. 25 ಡಾಲರುಗಳ ಮೊದಲ ಬಹುಮಾನ ಅವರಿಗೇ ಬಂತು. ಬಹುಮಾನದ ಜತೆ ಸಿಗಬೇಕಿದ್ದ ಒಂದು ವಾರದ ಕಾರ್ಯಕ್ರಮವನ್ನು ಮಾತ್ರ ಅವರ ವೇಷ ನೋಡಿ ಕೊಡಲಿಲ್ಲವೆಂದು ಜೀವನಚರಿತ್ರೆಕಾರರು ಹೇಳುತ್ತಾರೆ.

ಆ ಕಾಲಕ್ಕೆ ಚಿಕ್ ವೆಬ್ ಹಾರ್ಲೆಮ್‌ನ ಹೆಸರಾಂತ ವಾದ್ಯವೃಂದದ ನಾಯಕ. ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯಕ್ಕೆ ತುತ್ತಾಗಿ, ಗೂನುಬೆನ್ನಿನಲ್ಲೇ ಡ್ರಮ್ ಬಾರಿಸಿ ಗೆದ್ದ ಸಾಹಸಿ. ಅಂತಹವರೂ ಎಲಾರ ರೂಪ ನೋಡಿ ಮೊದಲು ಬೇಡವೆಂದರು. ಅವರ ಮನವೊಲಿಸಿದವರಲ್ಲಿ ತಂಡದ ಗಾಯಕ ಚಾರ್ಲ್ಸ್ ಲಿಂಟನ್ ಮತ್ತು ನಿರೂಪಕ ಬಾರ್ಡು ಅಲಿ ಅವರ ಹೆಸರು ಕೇಳಿಬರುತ್ತದೆ. ಓದುಗರು ಗಮನಿಸಬೇಕು: ಈ ಬಾರ್ಡು ಅಲಿ ಅವರ ತಂದೆ ಮೊಕ್ಸದ್ ಅಲಿ, ಬಂಗಾಳದ ಹೂಗ್ಲಿಯಿಂದ ಕಸೂತಿ ಬಟ್ಟೆ ಮಾರಲು ಅಮೆರಿಕಕ್ಕೆ ಹೋಗಿ ನೆಲೆಸಿದ ಮುಸ್ಲಿಂ ವ್ಯಾಪಾರಿ. ಕೊನೆಗೆ ಯೇಲ್ ವಿಶ್ವವಿದ್ಯಾಲಯದ ಸಮಾರಂಭವೊಂದರಲ್ಲಿ ಹಾಡಿಸಿ ನೋಡಿ, 1935ರಲ್ಲಿ ಎಲಾರನ್ನು ತಂಡಕ್ಕೆ ಸೇರಿಸಿಕೊಂಡರು.

ಮುಂದಿನದು ಜಗತ್ತಿಗೆ ಗೊತ್ತು. 1938ರಲ್ಲಿ ಮಕ್ಕಳ ಆಟದ ಪದ್ಯವೊಂದನ್ನು ಆಧರಿಸಿದ ಹಾಡು ಅವರನ್ನು ಮನೆಮಾತಾಗಿಸಿತು. 1939ರಲ್ಲಿ ವೆಬ್ ತೀರಿಕೊಂಡಾಗ ಇಪ್ಪತ್ತೆರಡರ ಎಲಾ ಹೆಸರಿನಲ್ಲೇ ತಂಡ ಮುಂದುವರಿದು 1942ರವರೆಗೆ ನಡೆಯಿತು. ಮುಂದೆ 13 ಗ್ರ್ಯಾಮಿ ಪ್ರಶಸ್ತಿಗಳು ಬಂದವು. 1993ರಲ್ಲಿ ಅವರು ಸ್ಥಾಪಿಸಿದ ದತ್ತಿ ಸಂಸ್ಥೆ ಮಕ್ಕಳ ಓದಿಗೂ ಸಂಗೀತಕ್ಕೂ ನೆರವಾಗುತ್ತ ಬಂದಿದೆ.

ಪಾಲಕರೇ, ಶಿಕ್ಷಕ ಮಿತ್ರರೇ, ಎಲಾ ಗೆದ್ದರು, ನಿಜ. ಆದರೆ ಹಡ್ಸನ್‌ನ ಆ ಗೋಡೆಗಳ ಒಳಗೆ ಇನ್ನೂ ನೂರಾರು ಹುಡುಗಿಯರಿದ್ದರು. ಅವರಲ್ಲಿ ಯಾರ ಕಂಠ ಹೇಗಿತ್ತೋ ಕೇಳಿದವರಿಲ್ಲ. ಹಾಜರಿ ಪುಸ್ತಕದಿಂದ ಒಂದು ಹೆಸರನ್ನು ತೆಗೆಯುವ ಮೊದಲು ಒಮ್ಮೆ ಆ ಮಗುವಿನ ಮನೆಯ ಬಾಗಿಲು ತಟ್ಟಿ ಬರೋಣ.